ಮುಟ್ಟಲ್ಲದ ರಕ್ತ

ಹೂಲಿಯ ಕೆಂಪವ್ವನ ಮನೆಯಲ್ಲಿ ಒಂದು ರೂಢಿಯಿತ್ತು. ಮುಟ್ಟಾದ ಹೆಂಗಸು ಕುರಿ ಕೂಡಿಹಾಕುವ ದಡ್ಡಿಗೆ ಕಾಲಿಡಬಾರದು, ಇಟ್ಟರೆ ಮರಿಗಳಿಗೆ ಕೇಡು ಎಂದು ಹಿರಿಯರು ಹೇಳಿಕೊಂಡು ಬಂದಿದ್ದರು. ಮುಟ್ಟು ನಿಂತ ಮೇಲೆ ಕೆಂಪವ್ವನಿಗೆ ಆ ತಡೆ ಇರಲಿಲ್ಲ. ತಾಯಿ ಸತ್ತ ಮರಿಗಳಿಗೆ ಹಾಲು ಕುಡಿಸುವುದು ಅವಳದೇ ಕೆಲಸವಾಗಿತ್ತು. ಎಷ್ಟೋ ವರ್ಷಗಳ ಬಳಿಕ ಈ ಬೇಸಿಗೆಯಲ್ಲಿ ಸೀರೆಗೆ ಮತ್ತೆ ರಕ್ತದ ಕಲೆ ಹತ್ತಿತು. ಹಾಲಿನ ಬಾಟ್ಲಿಯನ್ನು ಸೊಸೆಯ ಕೈಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಳು.

ಮೊಮ್ಮಗಳ ಲಸಿಕೆಯ ದಿನ ತಿಳಿಸಲು ಬಂದ ಆರೋಗ್ಯ ಕೇಂದ್ರದ ನರ್ಸ್ ಸಂಘಮಿತ್ರಾ ಅವಳನ್ನು ನೋಡಿ ನಿಂತಳು.

"ಯಾಕ್ರಿ ಕೆಂಪವ್ವಾರ, ಇಲ್ಲಿ ಕುಂತೀರಿ?"

"ಹೊರಗಾಗೇನ್ರಿ ಅಕ್ಕಾರ. ಹೋದ ತಿಂಗಳೂ ಆಗಿತ್ತು."

ದಡ್ಡಿಯೊಳಗಿಂದ ಗಂಡ ಮಾಳಪ್ಪ ನಕ್ಕ. "ನಮ್ಮಾಕಿಗೆ ಹರೇ ತಿರುಗಿ ಬಂದೈತ್ರಿ! ಇನ್ನೊಂದ್ ಲಗ್ನಾ ಮಾಡಬೇಕು."

ಸಂಘಮಿತ್ರಾ ನಗಲಿಲ್ಲ. "ಕಾಕಾ, ಮುಟ್ಟು ನಿಂತು ವರ್ಷ ದಾಟಿದ ಮ್ಯಾಲ ಬರೂ ರಕ್ತಕ್ಕ ಮುಟ್ಟು ಅನ್ನಂಗಿಲ್ಲ. ಯಾಕ ಬಂತು ಅಂತ ನೋಡಿಸಲೇಬೇಕು."

ಬೈಲಹೊಂಗಲದ ಆಸ್ಪತ್ರೆಯಲ್ಲಿ ವೈದ್ಯೆ ಗರ್ಭಕೋಶದ ಬಾಯಿಯನ್ನು ಪರೀಕ್ಷಿಸಿದರು. ಅಲ್ಲಿಂದ ಸಣ್ಣ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಬಂದ ವರದಿಯಲ್ಲಿ ಖಚಿತ ಉತ್ತರ ಇರಲಿಲ್ಲ. ಮುಟ್ಟು ನಿಂತವರಲ್ಲಿ ಆ ಭಾಗದ ಪದರ ತೆಳುವಾಗುತ್ತದೆ. ಹೀಗೆ ವಯಸ್ಸಿನಿಂದ ಬದಲಾದ ಜೀವಕೋಶಗಳೂ ಕ್ಯಾನ್ಸರಿನ ಹಾದಿ ಹಿಡಿದ ಜೀವಕೋಶಗಳೂ ಸೂಕ್ಷ್ಮದರ್ಶಕದಲ್ಲಿ ಕೆಲವೊಮ್ಮೆ ಒಂದೇ ಬಗೆಯಾಗಿ ಕಾಣುತ್ತವೆ. ಅದೇ ಚೂರಿಗೆ ಇನ್ನೊಂದು ಪರೀಕ್ಷೆ ಆಗಬೇಕು ಎಂದರು ವೈದ್ಯೆ.

ಹೊರಗೆ ಬಂದದ್ದೇ ಮಾಳಪ್ಪ ಸಿಡುಕಿದ. "ಅವರಿಗೇ ತಿಳಿವಲ್ದು. ನಡಿ ಮನಿಗೆ. ಉಷ್ಣ ಆಗೈತಿ, ಅಷ್ಟ."

ಜೊತೆಗೆ ಬಂದಿದ್ದ ಸಂಘಮಿತ್ರಾ ಕೇಳಿದಳು: "ಕಾಕಾ, ಅಡವ್ಯಾಗ ನಿಮ್ಮ ಕುರಿಯಾಗ ಬ್ಯಾರೇ ಮಂದಿ ಕುರಿ ಕೂಡಿದ್ರ ಹೆಂಗ ಗುರ್ತಾ ಹಿಡೀತೀರಿ?"

"ಬೆನ್ನಿಗೆ ಹಚ್ಚಿದ ಬಣ್ಣಾ ನೋಡಿ."

"ಇದೂ ಹಂಗ. ಆ ಚೂರಿಗೆ ಬಣ್ಣಾ ಹಾಕಿ ನೋಡ್ತಾರ."

"ಹಾಕಿದ್ರ ಎಲ್ಲಾಕ್ಕೂ ಹತ್ತತೈತಿ. ನಮ್ಮ ಬಣ್ಣಾ ಯಾರ ಕುರಿ ಅಂತ ಕೇಳಿ ಹತ್ತಂಗಿಲ್ರಿ."

"ಛಲೋ ಕೇಳಿದ್ರಿ. ಈ ಬಣ್ಣಾ ಎಲ್ಲಾಕ್ಕೂ ಹತ್ತಂಗಿಲ್ಲ. ಎಚ್‌ಪಿವಿ ಅಂತ ಒಂದು ವೈರಸ್ ಐತಿ. ಅದು ಜೀವಕೋಶದ ಕೆಲಸ ಕೆಡಿಸಿದ್ರ ಅಲ್ಲಿ ಪಿ16 ಅನ್ನೂ ಪ್ರೋಟೀನು ಭಾಳ ಕೂಡತೈತಿ. ಅದು ಕೂಡಿದಲ್ಲಿ ಕಂದು ಬಣ್ಣ ದಟ್ಟಾಗಿ ಏಳತೈತಿ. ಬರೇ ವಯಸ್ಸಿಂದ ತೆಳ್ಳಗಾದ ಪದರದಾಗ ಹಂಗ ಏಳಂಗಿಲ್ಲ. ಮತ್ತ ಕೊಯ್ಯೂದೂ ಇಲ್ಲ, ತಗದ ಚೂರ ಸಾಕು."

ಮಾಳಪ್ಪ ಒಪ್ಪಿದ.

ಎರಡನೇ ವರದಿ ಬಂತು, ಪದರದ ತುಂಬ ಕಂದು ಬಣ್ಣ ಎದ್ದಿತ್ತು. ಕ್ಯಾನ್ಸರ್ ಇನ್ನೂ ಆಗಿಲ್ಲ, ಇದು ಅದರ ಹಿಂದಿನ ಹಂತ, ಕೆಟ್ಟ ಭಾಗವನ್ನು ಈಗಲೇ ತೆಗೆದರೆ ಕ್ಯಾನ್ಸರ್ ತಡೆಯಬಹುದು ಎಂದು ವೈದ್ಯೆ ವಿವರಿಸಿದರು. ಈ ವೈರಸ್ ಗಂಡು ಹೆಣ್ಣಿನ ಕೂಡುವಿಕೆಯಿಂದ ಹರಡುತ್ತದೆ ಎಂದೂ ಹೇಳಿದರು.

ಮಾಳಪ್ಪ ಹೆಂಡತಿಯ ಕಡೆ ತಿರುಗಿದ. "ನಿನಗಿದು ಎಲ್ಲಿಂದ ಬಂತು?"

ಮದುವೆಯಾದಂದಿನಿಂದ ಕುರಿಯ ಹಿಂದೆ, ಈ ಮನುಷ್ಯನ ಹಿಂದೆ ನಡೆದವಳು ಕೆಂಪವ್ವ. ಕ್ಯಾನ್ಸರ್ ಎಂಬ ಮಾತಿಗಿಂತ ಈ ಮಾತು ಹೆಚ್ಚು ಸುಟ್ಟಿತು. ಸೆರಗು ಹೊದ್ದು ಎದ್ದಳು. "ನನಗ ಏನೂ ಬ್ಯಾಡ್ರಿ. ಸತ್ರ ಸಾಯ್ತೇನಿ."

"ಕುಂಡ್ರಿ ಕೆಂಪವ್ವಾರ," ಎಂದರು ವೈದ್ಯೆ. ಆಮೇಲೆ ಮಾಳಪ್ಪನಿಗೆ ನಿಧಾನವಾಗಿ ಹೇಳಿದರು: "ಇದು ಭಾಳ ಮಂದಿಗೆ ಬಂದು ತಾನ ಹೋಗತೈತಿ. ಕೆಲವರ ಮೈಯಾಗ ವರ್ಷಗಟ್ಟಲೆ ಸುಮ್ಮನ ಕುಂತಿರತೈತಿ. ಗಂಡಸರಾಗೂ ಇರತೈತಿ, ಅವರಿಗೆ ಗೊತ್ತ ಆಗಂಗಿಲ್ಲ. ಯಾವಾಗ ಬಂತು, ಯಾರಿಂದ ಬಂತು ಅಂತ ಈ ಪರೀಕ್ಷಾ ಹೇಳಂಗಿಲ್ಲ."

"ಅಂದ್ರ ನನ್ನಿಂದನೂ ಬಂದಿರಬಹುದೇನ್ರಿ?"

"ಬಂದಿರಬಹುದು."

ಮಾಳಪ್ಪ ಮತ್ತೆ ಹೆಂಡತಿಯ ಕಡೆ ತಿರುಗಿದ. "ಕೆಂಪಿ, ತಪ್ಪಾತು. ಆ ಕೆಟ್ಟ ಭಾಗ ತಗಸ್ಕೋ."

"ನೀ ಅಂದಿ ಅಂತಲ್ಲ," ಎಂದಳು ಕೆಂಪವ್ವ. "ನನ್ನ ಜೀವಾ ಐತಿ, ಅದಕ್ಕ ತಗಸ್ಕೋತೇನಿ."

ವೈದ್ಯೆ ಕೆಟ್ಟ ಭಾಗವನ್ನು ತೆಗೆದರು. ಕರೆದಾಗ ತಪ್ಪದೆ ಬರಬೇಕು, ವೈರಸ್ ಹೋಗಿದೆಯೇ ಎಂದು ನೋಡುತ್ತಿರಬೇಕು ಎಂದೂ ಹೇಳಿದರು. ಕೆಂಪವ್ವ ಹೋಗುತ್ತಿದ್ದಾಳೆ. ಕಳೆದ ಸಲ ಸೊಸೆಯೂ ಜೊತೆಗೆ ಹೋಗಿ ತಪಾಸಣೆ ಮಾಡಿಸಿಕೊಂಡಳು.

ಅವ್ವಂದಿರೇ, ಅಕ್ಕಂದಿರೇ, ಮುಟ್ಟು ನಿಂತ ಮೇಲೆ ಕಾಣುವ ರಕ್ತವೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು, ಕೂಡಲೇ ತೋರಿಸಿ. ಕ್ಯಾನ್ಸರಿನ ಹಿಂದಿನ ಹಂತ ಬಹಳ ಸಲ ಯಾವ ಸುಳಿವನ್ನೂ ಕೊಡುವುದಿಲ್ಲ. ಆದ್ದರಿಂದ ಮೂವತ್ತು ದಾಟಿದವರು ಆರಾಮ ಇದ್ದರೂ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ಬೆಳೆಯುವ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಬಗ್ಗೆ ಅಲ್ಲಿಯೇ ವಿಚಾರಿಸಿ. ಬಣ್ಣದ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ವರದಿಯಲ್ಲಿ ಅನುಮಾನ ಉಳಿದರೆ ಅದರ ಬಗ್ಗೆ ವೈದ್ಯರನ್ನು ಕೇಳಿ, ಅರ್ಧಕ್ಕೆ ಬಿಟ್ಟು ಬರಬೇಡಿ. ಗಂಡಂದಿರೇ, ನೀವೂ ಜೊತೆಗೆ ಹೋಗಿ. ಹೆಂಡತಿಯ ನಡತೆಗೆ ಈ ವರದಿಯನ್ನು ಸಾಕ್ಷಿ ಮಾಡಬೇಡಿ.