ಹಣಮೇಶ ಮಾಡಿದ ಜುಮಕಿ

ಹುನಗುಂದದಾಗ ಮೊಬೈಲ್ ರಿಪೇರಿ ಅಂದ್ರ ಹಣಮೇಶ, ಅಂದರೆ ನಾನೇ. ನಾನು ಮುಟ್ಟಿದರೆ ಸತ್ತ ಫೋನು ಎದ್ದು ಕೂತು ನಮಸ್ಕಾರ ಅನ್ನುತ್ತದೆ. ಅಂಥವನಿಗೆ ಒಂದು ಜೋಡಿ ಜುಮಕಿ ಯಾವ ಲೆಕ್ಕ?

ಜುಮಕಿ ಮಾಡುವವಳು ನನ್ನ ಹೆಂಡತಿ ಸುರೇಖಾ. ಪಾಲಿಮರ್ ಕ್ಲೇ ಅಂತ ಬಣ್ಣಬಣ್ಣದ ಮೆತ್ತನೆಯ ಮುದ್ದೆ ಬರುತ್ತದೆ. ನಾದಿ, ತಿದ್ದಿ, ಓವನ್ನಿನಲ್ಲಿ ಸುಟ್ಟರೆ ಗಟ್ಟಿಯಾಗುತ್ತದೆ. ಇಳಕಲ್ಲ ಸೀರೆಯ ಸೆರಗಿನ ಕೆಂಪನ್ನು ಅದರಲ್ಲಿ ಹಾಗೇ ಇಳಿಸುತ್ತಿದ್ದಳು. ಇಳಕಲ್ಲಿನ ಮಾರಾಟ ಮೇಳದಲ್ಲಿ ಹೆಂಗಸರು ಮುಗಿಬಿದ್ದು ಹೊಗಳುವಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಡಿಸೈನ್ ಎಲ್ಲಾ ನಂದರೀ. ಈಕಿ ಬರೇ ನಾದ್ತಾಳ," ಅಂದೆ.

ಸುರೇಖಾ ಜಗಳಾಡಲಿಲ್ಲ. ಮರುದಿನ ಚೊಳಚಗುಡ್ಡದ ತವರಿಗೆ ಹೊರಟು, ಬಾಗಿಲಲ್ಲಿ ನಿಂತು ಹೇಳಿದಳು: "ಎಲ್ಲಾ ನಿಮ್ಮದ ಅಲ್ಲ? ಒಂದು ಜೋಡಿ ಮಾಡ್ಕೊಂಡು ಬರ್ರಿ. ಅವತ್ತ ನಿಮ್ಮ ಹಿಂದ ಬರ್ತೇನಿ."

"ಸಂಜಿಗೇ ಬರ್ತೇನಿ, ಬ್ಯಾಗ ಬಿಚ್ಚಬ್ಯಾಡ," ಅಂದೆ.

ಮೊದಲನೆಯದನ್ನು ಫೋನಿನ ಚಿಪ್ ಬಿಡಿಸುವ ಬಿಸಿಗಾಳಿ ಗನ್ನಿನಿಂದ ಸುಟ್ಟೆ. ಹಪ್ಪಳದಂತೆ ಉಬ್ಬಿ ಎಂಥ ಹೊಗೆ ಬಿಟ್ಟಿತೆಂದರೆ, ಬಾದಾಮಿ ಗುಡ್ಡದ ಮಂಗಗಳೆಲ್ಲ ಕೆಮ್ಮಿರಬೇಕು. ಎರಡನೆಯದು ಕೈಗೆ ಅಂಟಬಾರದೆಂದು, ರೊಟ್ಟಿ ಬಡಿಯುವಾಗ ಹಚ್ಚುವಂತೆ ಜೋಳದ ಹಿಟ್ಟು ಹಚ್ಚಿದೆ. ಕೆಂಪು ಜುಮಕಿಗೆ ಬೂಷ್ಟು ಹಿಡಿದಂತಾಯಿತು.

ಸೋತು ಅವಳದೇ ವಿಡಿಯೊ ಹಚ್ಚಿದೆ. ಗೆಳತಿಯರಿಗೆ ಕಲಿಸಲೆಂದು ಮಾಡಿದ್ದು, ಒಂಬತ್ತು ನಿಮಿಷ. ಮುಖವಿಲ್ಲ, ಎರಡು ಕೈ, ಹಸಿರು ಬಳೆ, ದನಿ. ನಡುವೆ ಒಮ್ಮೆ ಕೆಮ್ಮಿ, "ತಡೀರಿ, ನೀರು ಕುಡೀತೇನಿ," ಅನ್ನುತ್ತಾಳೆ. ಆ ಕೆಮ್ಮು ಬಂದಾಗಲೆಲ್ಲ ನಾನು ಎದ್ದು ತಂಬಿಗೆ ಹುಡುಕುತ್ತಿದ್ದೆ. ಲಕ್ಷ ಸಲ ನೋಡಿದೆ; ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದು ಮಾತ್ರ ಕಿವಿಗೆ ಬೀಳಲಿಲ್ಲ. ಬಿದ್ದದ್ದು ದನಿ ಒಂದೇ. ಓವನ್ನಿನ ಗುಂಡಿ ಪೂರ್ತಿ ತಿರುಗಿಸಿದೆ. ಇದ್ದಿಲು.

ಹತ್ತೊಂಬತ್ತನೆಯ ದಿನ, ಸಾಲಿ ಹುಡುಗನಂತೆ ಅವಳ ಮಾತು ಒಂದೊಂದಾಗಿ ಹಾಳೆಗೆ ಬರೆದುಕೊಂಡು ಮಾಡಿದೆ. ಜೋಡಿ ಬಂತು. ಒಂದು ಗೋಳಗುಮ್ಮಟ, ಇನ್ನೊಂದು ಕಡಲೆಕಾಳು. ಡಬ್ಬಿಯಲ್ಲಿ ಅವಳೇ ಮಾಡಿಟ್ಟ ಜೋಡಿಯೊಂದು ಉಳಿದಿತ್ತು. ಇರಲಿ ಅಂತ ಅದನ್ನೂ ಕಿಸೆಗೆ ಇಳಿಸಿದೆ.

ಚೊಳಚಗುಡ್ಡದಲ್ಲಿ ಅತ್ತೆ ಲಗಮವ್ವ ಕಟ್ಟೆಯ ಮೇಲೆ ಕೂತಿದ್ದರು. "ಭಾಳ ಲಗೂ ಬಂದ್ರಿ ಅಳಿಯಾರ. ಇದು ಯಾವ ತಿಂಗಳ ಸಂಜಿ?"

ಸುರೇಖಾ ಹೊರಗೆ ಬಂದಳು. ಸೊರಗಿದ್ದಳೋ, ನನಗೆ ಹಾಗೆ ಕಂಡಿತೋ. ಕಿಸೆಯಲ್ಲಿ ಎರಡೂ ಜೋಡಿ ಬೆರಳಿಗೆ ಸಿಕ್ಕವು. ಅವಳದು ನುಣುಪು, ನನ್ನದು ತರಿತರಿ. ತರಿತರಿಯಾದದ್ದನ್ನೇ ತೆಗೆದೆ.

ಹೊರಳಿಸಿ ನೋಡಿದಳು. "ಎಷ್ಟು ಕೆಡಿಸಿದ್ರಿ?"

"ನಾಕನೂರು."

"ಖರೆ ಹೇಳ್ರಿ."

"ನಲವತ್ತು."

ಅವಳು ಕಣ್ಣು ತೆಗೆಯಲಿಲ್ಲ.

"ಮೂವತ್ತೊಂದು," ಅಂದೆ. ದನಿ ನನಗೇ ಕೇಳಿಸಲಿಲ್ಲ.

"ಬರ್ತೇನಿ ಅಂದಿದ್ದೆ, ಬರ್ತೇನಿ," ಅಂದಳು. "ಆದ್ರ ನನ್ನವು ಎಪ್ಪತ್ತು ಕೆಟ್ಟಿದ್ವು. ನೀವು ಒಮ್ಮೆರ ಕೇಳೀರೇನು?"

ಆಗ ಕೇಳಿದೆ: "ಮೊದಲನೇದು ಹೆಂಗ ಕೆಟ್ತು?"

ಅವಳು ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟಳು. ನಾವು ಹಿಡಿಯಬೇಕಿದ್ದ ಬಾದಾಮಿ ಬಸ್ಸು ಬಂದು ಹಾರ್ನ್ ಹೊಡೆಯಿತು, ಹೋಯಿತು. ನಾವು ಏಳಲಿಲ್ಲ; ಸುರೇಖಾ ಇನ್ನೂ ಹನ್ನೆರಡನೆಯದನ್ನು ಹೇಳುತ್ತಿದ್ದಳು.