ಬೀಮಿನ ಇನ್ನೊಂದು ತುದಿ

ಸತ್ತವನ ತೋಳನ್ನು ಅಂಗಿಯೊಳಗೆ ತೂರಿಸಲು ಜೊತೆಗಾರ ಒದ್ದಾಡುತ್ತಿದ್ದ. ಮರಗಟ್ಟಿದ ಕೈ ಮಾತು ಕೇಳುತ್ತಿರಲಿಲ್ಲ. ಉಕ್ಕಿನ ಬೀಮುಗಳನ್ನು ಕಂಬಗಳಿಗೆ ಬಿಗಿಯುವ ಕೆಲಸದಲ್ಲಿ, ಒಂದು ತುದಿಗೆ ಇವನು, ಇನ್ನೊಂದು ತುದಿಗೆ ಅವನು ಎಂದು ಇಬ್ಬರೂ ಅರ್ಧ ಆಯುಷ್ಯ ಕಳೆದಿದ್ದರು.

"ಮೇಲೆ ಕೆಲಸದ ಕೋಟೂ ಹಾಕಣ್ಣ," ಎಂದಳು ಸತ್ತವನ ಹೆಂಡತಿ. "ಅದಿಲ್ದೆ ಅವರು ಹೊಸ್ತಿಲು ದಾಟಿದೋರಲ್ಲ."

ಗೂಟದಿಂದ ತೆಗೆದ ಕೋಟು ಒಂದು ಕಡೆ ಜಗ್ಗಿತು. ಜೊತೆಗಾರ ಜೇಬಿಗೆ ಕೈ ಹಾಕಿದ. ದಪ್ಪ ಬೋಲ್ಟುಗಳು, ನಟ್ಟಿನ ಸಮೇತ. ತಂತಮ್ಮ ತುದಿಗೆ ಬೇಕಾದಷ್ಟೇ ಒಯ್ದು, ಖಾಲಿ ಜೇಬಿನಲ್ಲಿ ಇಳಿಯುವುದು ಇಬ್ಬರ ಪದ್ಧತಿ.

"ಮೇಸ್ತ್ರಿ," ಬಾಗಿಲಲ್ಲಿ ನಿಂತವನನ್ನು ಕರೆದ. "ನಿನ್ನೆ ಕಡೇ ಬೀಮಿಗೆ ಇವನ ಕಡೆ ಬೋಲ್ಟೇ ಬಿದ್ದಿಲ್ಲ."

ಮೇಸ್ತ್ರಿ ಫೋನು ಹೊರತೆಗೆದ. "ಅಯ್ಯೋ, ಬೆಳಗ್ಗಿಂದ ಅದರ ಮೇಲೇ ತಗಡು ಪೇರಿಸ್ತಿದಾರೆ. ಕೆಳಗೆ ಜನ ಇದಾರೆ!"

*

ನಿನ್ನೆ ಸಂಜೆ ಆ ಬೀಮು ಕ್ರೇನಿನಲ್ಲಿ ತೂಗುತ್ತಾ ಬಂದಿತ್ತು. ಇಂದು ಸತ್ತಿರುವವನು ತನ್ನ ತುದಿಯಲ್ಲಿ ಬೀಮಿನ ತೂತನ್ನು ಕಂಬದ ತೂತಿಗೆ ಹೊಂದಿಸಿ, ಚೂಪು ಪಿನ್ನು ಬಡಿದು ತಡೆದ. ಇನ್ನು ಬೋಲ್ಟು ಹಾಕಬೇಕಿತ್ತು.

"ಕೆಳಗೆ ನೋಡ್ಬೇಡ ಕಣೋ, ಮೇಸ್ತ್ರಿ ಮುಖ ಕಾಣುತ್ತೆ," ಎಂದು ದಿನದಂತೆ ತಮಾಷೆ ಮಾಡಿದ. ಮರುಕ್ಷಣವೇ ಎದೆ ಹಿಡಿದುಕೊಂಡ.

"ಏನಾಯ್ತೋ?"

"ಗ್ಯಾಸು ಕಣೋ. ಬೋಲ್ಟು ಹಾಕಿದೀನಿ, ಕೊಕ್ಕೆ ಬಿಡ್ಸು."

ನೋವಿನ ಭರದಲ್ಲಿ ಹಾಕಿದೆನೆಂದೇ ಅವನು ನಂಬಿದ್ದನೋ ಏನೋ. ಜೊತೆಗಾರನಂತೂ ನಂಬಿದ. ಕ್ರೇನಿಗೆ ಕೈಸನ್ನೆ ಮಾಡಿದ. ಬೆಳಗಾಗುವಷ್ಟರಲ್ಲಿ ಎದೆ ಹಿಡಿದುಕೊಂಡವನ ಉಸಿರು ಹಾಸಿಗೆಯಲ್ಲೇ ನಿಂತಿತ್ತು.

*

ಮೇಸ್ತ್ರಿ ಫೋನಿನಲ್ಲಿ ಕೂಗಾಡಿ ಜನರನ್ನು ದೂರ ಕಳಿಸಿದ, ಬೀಮು ಬೀಳದಂತೆ ಕ್ರೇನಿನ ಆಸರೆ ಕೊಡಿಸಿದ. ಇನ್ನು ಯಾರಾದರೂ ಹತ್ತಿ ಬೋಲ್ಟು ಬಿಗಿಯಬೇಕಿತ್ತು.

"ಬೇರೆಯವರನ್ನ ಕಳ್ಸಿ," ಎಂದ ಜೊತೆಗಾರ. "ನಂಗೆ ಭಯ ಆಗ್ತಿದೆ."

"ಹೋಗಣ್ಣ," ಎಂದಳು ಹೆಂಡತಿ. "ಅದು ಯಾರ ಮೇಲಾದ್ರೂ ಬಿದ್ರೆ, ಮಣ್ಣಿಗೆ ಹೋಗೋ ದಿನಾನೇ ಇವರಿಗೆ ಕೊಲೆಗಾರ ಅನ್ನೋ ಹೆಸರು ಬರುತ್ತೆ."

ಆ ಬೋಲ್ಟುಗಳನ್ನೇ ಜೇಬಿಗೆ ಹಾಕಿಕೊಂಡು ಹೋದ. ಅಂಗಳದಂತೆ ಓಡಾಡಿಕೊಂಡಿದ್ದ ಜಾಗ ಅದು. ಇವತ್ತು ಕೆಳಗೆ ನೋಡಬೇಡ ಎನ್ನುವವರಿಲ್ಲ, ನೋಡಿದ. ಬೀಮನ್ನು ಅವಚಿಕೊಂಡು ಸತ್ತವನ ತುದಿಗೆ ತೆವಳಿದ. ಪಿನ್ನು ಅರ್ಧ ಹೊರಗೆ ಜಾರಿತ್ತು. ನಟ್ಟು ಮತ್ತೆ ಮತ್ತೆ ತಪ್ಪಿತು. ಕೊನೆಗೂ ಎಲ್ಲವನ್ನೂ ಬಿಗಿದ. ಆದರೆ ಇಳಿಯಲು ಕಾಲು ಬರಲಿಲ್ಲ. ಕಂಬವನ್ನು ತಬ್ಬಿಕೊಂಡು ಕೂತುಬಿಟ್ಟ.

ಕೆಳಗಿನ ರಸ್ತೆಯಲ್ಲಿ ಶವದ ಗಾಡಿ ಬಂತು. ಕಟ್ಟಡದೆದುರು ನಿಧಾನವಾಯಿತು. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು.

ಒಂದೇ ಒಂದು ಸಲ ಕೈ ಎತ್ತಬೇಕು ಎಂದುಕೊಂಡ. ಕೈಗಳು ಕಂಬವನ್ನು ಬಿಡಲಿಲ್ಲ. ಗಾಡಿ ಸ್ವಲ್ಪ ಹೊತ್ತು ಕಾದು, ಮುಂದೆ ಹೋಯಿತು.