ಮೆಲ್ಲಗೆ ನಡೆಯುವವರು ಮುಂದೆ

ಅಪ್ಪ ತೀರಿಕೊಂಡ ಮೇಲೂ ವರ್ಷಕ್ಕೊಮ್ಮೆ ಮೂವರು ಮಕ್ಕಳು ಕಡಲ ಬದಿಯ ಆ ಗುಡ್ಡ ಹತ್ತುವುದನ್ನು ಬಿಟ್ಟಿರಲಿಲ್ಲ. ಗುಡ್ಡ ದೊಡ್ಡದೇನಲ್ಲ. ಕಾಲು ಗಟ್ಟಿ ಇರುವವರಿಗೆ ಮುಕ್ಕಾಲು ಗಂಟೆಯ ದಾರಿ, ನಡುವಿನ ಮಗಳಿಗೆ ಒಂದೂವರೆ ಗಂಟೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಸಾಲದ್ದಕ್ಕೆ ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದ ನೂಲಿನ ಧೂಳೂ ಎದೆಯೊಳಗೆ ಸೇರಿತ್ತು. ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಅಣ್ಣನಿಗೆ ಅವಳು 'ಕತ್ತರಿ', ತಂಗಿಗೆ 'ಅಕ್ಕ'.

ಅಪ್ಪ ಇಟ್ಟ ಕಟ್ಟಳೆ ಒಂದೇ. ಮೆಲ್ಲಗೆ ನಡೆಯುವವರು ಮುಂದೆ, ಉಳಿದವರು ಅವರ ಬೆನ್ನಿಗೆ. ಯಾರೂ ಅವರನ್ನು ದಾಟುವ ಹಾಗಿಲ್ಲ. ಅಚ್ಚುಕೂಟದಲ್ಲಿ ದಿನವಿಡೀ ನಿಂತು ಅಕ್ಷರದ ಮೊಳೆ ಜೋಡಿಸುತ್ತಿದ್ದ ಅಪ್ಪನಿಗೆ ಹಳೆಯ ಕಾವ್ಯಗಳು ಅಕ್ಷರ ಅಕ್ಷರವಾಗಿ ಬೆರಳಿನಿಂದ ನಾಲಗೆಗೆ ಹತ್ತಿದ್ದವು. ಹತ್ತುವಾಗ ಮಕ್ಕಳಿಂದ ಪದ್ಯ ಹೇಳಿಸುತ್ತಿದ್ದರು. ಮೊದಲ ಸಾಲು ಮುಂದಿದ್ದವರದು, ಉಳಿದ ಸಾಲುಗಳು ಹಿಂದಿದ್ದವರದು. ಹಾಗಾಗಿ ಎಲ್ಲರ ಹೆಜ್ಜೆಗೂ ಅವಳ ಉಸಿರೇ ತಾಳ. ಅಣ್ಣ ಸಿಡಿಮಿಡಿಗುಟ್ಟಿದರೆ ಅಪ್ಪ, "ಗುಡ್ಡ ಎಲ್ಲಿಗೂ ಓಡಿಹೋಗಲ್ಲ ಕಣೋ. ಒಟ್ಟಿಗೆ ಮುಟ್ಟಬೇಕು. ಮುಟ್ಟಿದ ಮೇಲೆ ಮಾತು," ಎನ್ನುತ್ತಿದ್ದರು. ಮನೆಯ ದೊಡ್ಡ ಮಾತುಗಳೆಲ್ಲ ತುದಿಯ ಸಿಮೆಂಟ್ ಬೆಂಚಿನ ಮೇಲೆಯೇ ತೀರ್ಮಾನವಾಗಿದ್ದವು. ಅಣ್ಣ ಕನ್ನಡಕದ ಅಂಗಡಿ ಇಟ್ಟದ್ದು ಹಾಗೆ, ತಂಗಿಯ ಮದುವೆ ಗೊತ್ತಾದದ್ದೂ ಹಾಗೆ.

ಈ ವರ್ಷದ ಮಾತು ಅವಳದಾಗಿತ್ತು. ಹೆಗಲ ಚೀಲದಲ್ಲಿ ಮನೆಯ ಕರಾರನ್ನು ತನ್ನ ಹೆಸರಿಗೆ ಮಾಡಿಸುವ ಕಾಗದವಿತ್ತು. ಅಚ್ಚುಕೂಟದ ಮೇಲಿನ ಎರಡು ಕೋಣೆಗಳ ಬಾಡಿಗೆ ಕರಾರು ಇನ್ನೂ ಅಪ್ಪನ ಹೆಸರಿನಲ್ಲೇ ಉಳಿದಿತ್ತು, ವಾಸಕ್ಕಿದ್ದವಳು ಅವಳೊಬ್ಬಳೇ. ಬೀದಿ ಕಡೆಯ ಕೋಣೆಯಲ್ಲಿ ಎಂಟಡಿ ಉದ್ದದ ಮೇಜು. ಅದರ ಮೇಲೆ ನಲವತ್ತು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಊರಿನ ಮೂರು ಶಾಲೆಗಳ ಸಮವಸ್ತ್ರ ಕತ್ತರಿಸಿ ಹೊಲಿಗೆಯವರಿಗೆ ಕೊಡುತ್ತಿದ್ದಳು. ಆ ಮೇಜಿಲ್ಲದಿದ್ದರೆ ಅವಳ ಕೈಗೆ ಕೆಲಸವಿಲ್ಲ. ಅಪ್ಪನ ಮೂವರು ಮಕ್ಕಳಲ್ಲಿ ಇಬ್ಬರು ಯಾವ ಕಾಗದಕ್ಕೆ ಸಹಿ ಹಾಕುತ್ತಾರೋ ಅದರಂತೆ ಕೋಣೆ ಎಂದು ಅಚ್ಚುಕೂಟದ ಮಾಲೀಕ ಖಡಾಖಂಡಿತವಾಗಿ ಹೇಳಿದ್ದ. ತಂಗಿ ಫೋನಿನಲ್ಲಿ ಧೈರ್ಯ ಕೊಟ್ಟಿದ್ದಳು. "ನಾನಿದ್ದೀನಲ್ಲ ಅಕ್ಕ. ನೀನೊಂದು, ನಾನೊಂದು, ಎರಡಾಯ್ತು. ಅಣ್ಣ ತಲೆಕೆಳಗಾಗಿ ನಿಂತ್ರೂ ಅಷ್ಟೇ."

ಬುಡದಲ್ಲಿ ಅಣ್ಣ, ಅತ್ತಿಗೆ, ತಂಗಿ ಮೊದಲೇ ಬಂದು ಕಾಯುತ್ತಿದ್ದರು. ಅಣ್ಣನ ಕೊರಳಲ್ಲಿ ಹೊಸ ದುರ್ಬೀನು ತೂಗುತ್ತಿತ್ತು.

"ಬಾರಮ್ಮ ಕತ್ತರಿ. ನಿನ್ನ ಚೀಲ ಏನು ಇಷ್ಟು ಊದಿಕೊಂಡಿದೆ? ಶಾಲೆ ಮಕ್ಕಳನ್ನೂ ಅದರಲ್ಲೇ ತುಂಬ್ಕೊಂಡು ಬಂದ್ಯಾ?"

"ನೀನು ಕೊರಳಿಗೆ ಎಮ್ಮೆ ಗಂಟೆ ಕಟ್ಕೊಂಡು ಬಂದಿಲ್ವಾ, ಹಾಗೆ," ಎಂದಳು. ತಂಗಿ ಕಿಸಕ್ಕನೆ ನಕ್ಕಳು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತು ತಂಗಿಗೆ ನಗುವ ಮೊದಲು ಅತ್ತಿತ್ತ ನೋಡುವ ಅಭ್ಯಾಸ. ಇವತ್ತು ಅವಳು ನೋಡಿದ್ದು ಅಣ್ಣನ ಮುಖವನ್ನು.

ಅವಳು ಮುಂದೆ, ಉಳಿದವರು ಹಿಂದೆ. ಜಲ್ಲಿ ಜಾರುವ ದಾರಿ, ಎರಡೂ ಕಡೆ ಮೊಣಕಾಲೆತ್ತರದ ಮುಳ್ಳುಪೊದೆ, ತಿರುವು ತಿರುವಿಗೂ ಸ್ವಲ್ಪ ಸ್ವಲ್ಪವೇ ಹೆಚ್ಚುವ ಕಡಲು. ಮೊದಲ ತಿರುವಿನಲ್ಲಿ ಪದ್ಯದ ಸಾಲು ಶುರು ಮಾಡಿದಳು. ತಂಗಿ ಒಬ್ಬಳೇ ಎತ್ತಿಕೊಂಡಳು, ಅದೂ ಅರ್ಧಕ್ಕೆ ನಿಂತಿತು. ಎರಡನೆಯ ತಿರುವಿನಲ್ಲಿ ಹಿಂದಿನಿಂದ ಅತ್ತಿಗೆಯ ನಿಟ್ಟುಸಿರು.

"ಬಿಸಿಲು ನೆತ್ತಿಗೆ ಬರ್ತಿದೆಯಪ್ಪ. ಈ ನಡಿಗೆಯಲ್ಲಿ ಹೋದ್ರೆ ನಾವು ಮುಟ್ಟೋ ಹೊತ್ತಿಗೆ ಕಡಲು ಬತ್ತಿ ಹೋಗಿರುತ್ತೆ."

"ಸುಮ್ನಿರೇ," ಎಂದ ಅಣ್ಣ. ಆದರೆ ಆ 'ಸುಮ್ನಿರೇ'ಯಲ್ಲಿ ಗದರಿಕೆ ಇರಲಿಲ್ಲ.

"ನಾನೇನು ಅಂದೆ? ತಲೆಸುತ್ತು ಬರೋದು ನನಗೆ ತಾನೇ?"

ಅವಳು ನಿಂತಳು. ಎದೆ ಸಿಳ್ಳೆ ಹಾಕುತ್ತಿತ್ತು. ಕೇಳುವವಳ ಕೈ ಯಾವಾಗಲೂ ಕೆಳಗೆ. ಇವತ್ತು ಇವರ ಹತ್ತಿರ ಸಹಿ ಕೇಳಬೇಕು, ಅತ್ತಿಗೆಯ ಮುಖ ಗಂಟಿಕ್ಕಿದರೆ ಅಣ್ಣನ ಮುಖವೂ ಗಂಟಿಕ್ಕುತ್ತದೆ ಎಂದುಕೊಂಡಳು. ಹುಟ್ಟಿದಾಗಿನಿಂದ ಆಡದ ಮಾತು ಬಾಯಿಂದ ಬಂತು.

"ನೀವು ಮುಂದೆ ಹೋಗಿ ಅತ್ತಿಗೆ. ನಾನು ಹಿಂದೆ ಬರ್ತೀನಿ."

ಯಾರಾದರೂ ಬೇಡ ಎನ್ನುತ್ತಾರೆ ಎಂದು ಒಂದು ಗಳಿಗೆ ಕಾದಳು.

"ಹೌದಾ? ಸರಿ ಹಾಗಾದ್ರೆ," ಎಂದಳು ಅತ್ತಿಗೆ. ತಲೆಸುತ್ತು ಬರುವವಳು ಚಿಗರೆಯ ಹಾಗೆ ದಾಟಿದಳು. ಅಣ್ಣ ಇವಳ ಭುಜ ತಟ್ಟಿ, "ಆರಾಮಾಗಿ ಬಾ, ಗಡಿಬಿಡಿ ಇಲ್ಲ," ಎಂದು ದಾಟಿದ.

ತಂಗಿ ಉಳಿದಳು. "ನಾನು ನಿನ್ನ ಜೊತೆ ಬರ್ತೀನಿ ಅಕ್ಕ."

ಮೇಲಿನಿಂದ ಅಣ್ಣನ ಕೂಗು ಬಂತು. "ಏ ಪುಟ್ಟಿ, ಫ್ಲಾಸ್ಕ್ ನಿನ್ನ ಹತ್ರ ಇದೆ ಕಣೇ! ಬಾ ಇಲ್ಲಿ!"

"ಹೋಗು," ಎಂದಳು ಅವಳೇ. "ನಾನೇನು ದಾರಿ ತಪ್ಪೋ ಮಗುವಾ?"

ತಂಗಿ ಹೋದಳು. ಸ್ವಲ್ಪ ಹೊತ್ತು ಮೂವರ ಮಾತು ಗಾಳಿಯಲ್ಲಿ ಕೇಳಿತು, ಆಮೇಲೆ ಅದೂ ಇಲ್ಲ. ಹಿಂದೆ ನಡೆಯುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮುಂದಿದ್ದಾಗ ಅವಳು ನಿಂತಲ್ಲಿ ಲೋಕವೆಲ್ಲ ನಿಲ್ಲುತ್ತಿತ್ತು. ಈಗ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡರೆ ಕಾಲವಷ್ಟೇ ಮುಂದೆ ಹೋಗುತ್ತಿತ್ತು. ಯಾರೋ ಅಪರಿಚಿತ ಗಂಡ ಹೆಂಡತಿ ಇಳಿದು ಬರುತ್ತಾ, "ಮೇಲೆ ತುಂಬಾ ಚೆನ್ನಾಗಿದೆ, ಬಿಡಬೇಡಿ, ಹತ್ತಿ," ಎಂದರು. ಅವಳು ತಲೆಯಾಡಿಸಿದಳು. ಬಾಯೊಳಗೇ ಪದ್ಯ ಹೇಳಿಕೊಂಡು ಹತ್ತಿದಳು. ಮೊದಲ ಸಾಲನ್ನೂ ಉಳಿದ ಸಾಲುಗಳನ್ನೂ ತಾನೇ ಹೇಳಬೇಕಾಗಿ ಬಂದು ಉಸಿರು ಇನ್ನಷ್ಟು ಕಟ್ಟಿತು.

ತುದಿ ಮುಟ್ಟಿದಾಗ ಗಾಳಿ ಮುಖಕ್ಕೆ ಬಡಿಯಿತು. ಕಡಲು ಮೂರು ಕಡೆಗೂ ಬಿಚ್ಚಿ ಹಾಸಿತ್ತು, ಇಸ್ತ್ರಿ ಮಾಡಿದ ನೀಲಿ ಬಟ್ಟೆಯ ಥಾನಿನ ಹಾಗೆ. ಅಡ್ಡಗೋಡೆ ಕಟ್ಟಿದ ಬಂದರಿನೊಳಗೆ ದೋಣಿಗಳು, ದೀಪಸ್ತಂಭ, ಅದರಾಚೆ ಒತ್ತೊತ್ತಾಗಿ ಕೂತ ಊರು. ಬೆಂಚಿನ ಮೇಲೆ ಮೂವರೂ ಚಹಾ ಕುಡಿದು ಮುಗಿಸಿದ್ದರು. ಅವಳನ್ನು ಕಂಡ ಕೂಡಲೇ ಮೂವರೂ ಎದ್ದು ಜಾಗ ಬಿಟ್ಟುಕೊಟ್ಟರು. ಒಬ್ಬರು ಎದ್ದರೆ ಪ್ರೀತಿ. ಮೂವರೂ ಒಟ್ಟಿಗೆ ಎದ್ದರೆ ಇನ್ನೇನೋ.

"ಕೂತ್ಕೋ ಕೂತ್ಕೋ. ಮೊದಲು ಇದನ್ನ ನೋಡು," ಎಂದು ಅಣ್ಣ ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದ. ಅಂಗಡಿಯಲ್ಲಿ ಗಿರಾಕಿಯ ಗಲ್ಲ ಹಿಡಿದು ತಿರುಗಿಸುವ ಹಾಗೆ ಅವಳ ಮುಖವನ್ನು ಬಲಕ್ಕೆ ತಿರುಗಿಸಿದ. "ನೀರಿನ ಟ್ಯಾಂಕ್ ಕಾಣ್ತಿದ್ಯಾ? ಅದರ ಪಕ್ಕ ಹಳದಿ ಕಟ್ಟಡ. ಕಾಣ್ತಾ? ಮುಂದೆ ಹೂವಿನ ಗಿಡ."

"ಕಾಣ್ತು."

"ಒಂಟಿ ಹೆಂಗಸರ ವಸತಿಗೃಹ. ಎಷ್ಟು ನೀಟಾಗಿದೆ ನೋಡು. ಮಂಚ, ಕಪಾಟು, ಎರಡು ಹೊತ್ತು ಊಟ. ನಿನ್ನ ಎದೆಗೆ ಗಾಳಿನೂ ಒಳ್ಳೇದು. ನಿನಗೆ ಅಂತ ಒಂದು ಜಾಗ ಹೇಳಿಟ್ಟಿದ್ದೀನಿ."

ದೂರದಿಂದ ಕಟ್ಟಡ ಬೆಂಕಿಪೊಟ್ಟಣದಷ್ಟು ಮುದ್ದಾಗಿತ್ತು. ಕಿಟಕಿಗಳಿಗೆ ಸರಳಿದೆಯೋ ಇಲ್ಲವೋ ಇಲ್ಲಿಂದ ತಿಳಿಯುವ ಹಾಗಿರಲಿಲ್ಲ. ಅವಳು ದುರ್ಬೀನನ್ನು ಇಳಿಸಿದಳು.

"ನಾನ್ಯಾಕೆ ಅಲ್ಲಿಗೆ ಹೋಗ್ಲಿ? ನನಗೆ ಮನೆ ಇದೆಯಲ್ಲ."

ಅಣ್ಣ ಗಂಟಲು ಸರಿಮಾಡಿಕೊಂಡ. ಮಾಲೀಕ ಅಚ್ಚುಕೂಟ ಮುಚ್ಚುತ್ತಾನಂತೆ. ಮೇಲಿನ ಕೋಣೆ ಖಾಲಿ ಮಾಡಿಕೊಟ್ಟರೆ ಬೀದಿಗೆ ತೆರೆದ ಕೆಳಗಿನ ಭಾಗವನ್ನು ಕನ್ನಡಕದ ಅಂಗಡಿಗೆ ಬಿಟ್ಟುಕೊಡುತ್ತಾನಂತೆ. "ನನ್ನ ಅಂಗಡಿ ಇರೋ ಸಂದಿಗೆ ಕಣ್ಣು ಚೆನ್ನಾಗಿರೋರೇ ದಾರಿ ಹುಡುಕ್ಕೊಂಡು ಬರೋಕಾಗಲ್ಲ, ಇನ್ನು ಕಣ್ಣು ಕಾಣದವರು ಹೇಗೆ ಬರ್ತಾರೆ ಹೇಳು?" ಎಂದು ತಾನೇ ನಕ್ಕ.

"ನಾನು ಸಹಿ ಹಾಕಲ್ಲ," ಎಂದಳು ಅವಳು.

"ಹಾಕೋದು ಬೇಡ. ಇಬ್ಬರದ್ದು ಸಾಕು."

ಅವಳು ತಂಗಿಯ ಕಡೆ ತಿರುಗಿದಳು. ತಂಗಿ ಖಾಲಿ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. ಬೆರಳ ತುದಿಯಲ್ಲಿ ಪೆನ್ನಿನ ಶಾಯಿ ಅಂಟಿತ್ತು.

"ಯಾವಾಗ?"

"ಈಗ ತಾನೇ ಅಕ್ಕ. ನೀನು ಬರೋದು ತಡ ಆಯ್ತು."

"ನಿನಗೇನು ಕೊಡ್ತಾನಂತೆ?"

"ಏನೂ ಇಲ್ಲ, ದೇವರಾಣೆ," ಎಂದಳು ತಂಗಿ. "ಅಣ್ಣ ಒಂದೇ ಸಮನೆ ಕೇಳ್ತಿದ್ದ. ಅತ್ತಿಗೆ ಅಳೋಕೆ ಶುರು ಮಾಡಿದ್ರು. ಇಷ್ಟು ಚೆಂದದ ಜಾಗದಲ್ಲಿ ಜಗಳ ಬೇಡ ಅನ್ನಿಸ್ತು. ನೀನು ಪಕ್ಕದಲ್ಲಿ ಇದ್ದಿದ್ರೆ ನಾನು..."

ಅವಳಿಗೆ ತಂಗಿ ಏನಾದರೂ ಪಡೆದುಕೊಂಡಿದ್ದರೇ ವಾಸಿಯಿತ್ತು ಅನ್ನಿಸಿತು. ಮಾರಿದ್ದರೆ ಸಿಟ್ಟು ಮಾಡಬಹುದು. ಪುಕ್ಕಟೆ ಕೊಟ್ಟದ್ದಕ್ಕೆ ಏನು ಮಾಡುವುದು?

"ನನ್ನ ಮೇಜು?" ಎಂದು ಕೇಳಿದಳು.

"ಅದು ಆ ವಸತಿಗೃಹದಲ್ಲಿ ಹಿಡಿಸಲ್ಲ. ಚಿಂತೆ ಮಾಡ್ಬೇಡ, ಬಿಸಾಡಲ್ಲ," ಎಂದ ಅಣ್ಣ ಉದಾರಿಯಂತೆ. "ಒಳ್ಳೆ ಮರ. ಅಂಗಡಿಗೆ ಕೌಂಟರ್ ಮಾಡಿಸ್ಕೋತೀನಿ."

"ಶಾಲೆ ತೆರೆಯೋಕೆ ಎರಡು ತಿಂಗಳಿದೆ. ಸಮವಸ್ತ್ರ ಒಪ್ಪಿಕೊಂಡಿದ್ದೀನಿ. ಅಷ್ಟಾದ್ರೂ ಮುಗಿಸ್ತೀನಿ."

ಅಣ್ಣ ಹೆಂಡತಿಯ ಮುಖ ನೋಡಿದ.

"ಬಡಗಿಗೆ ಸೋಮವಾರ ಬಾ ಅಂತ ಹೋದ ವಾರವೇ ಹೇಳಿಯಾಗಿದೆ," ಎಂದಳು ಅತ್ತಿಗೆ. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಹೋದ ವಾರ. ಇವಳು ಕಾಗದ ಬರೆಸಲು ಓಡಾಡುತ್ತಿದ್ದ ವಾರ ಅದು. ಅವಳು ಚೀಲದ ಪಟ್ಟಿಯನ್ನು ಹಿಡಿದು ಬಹಳ ಹೊತ್ತು ಕಡಲು ನೋಡಿದಳು. ಒಂದು ದೋಣಿ ಬಂದರಿನ ಬಾಯಿ ದಾಟಿ ಹೊರಗೆ ಹೋಯಿತು. ಎದೆಯ ಸಿಳ್ಳೆ ನಿಂತ ಮೇಲೆ ದನಿ ಸರಿಯಾಗಿ ಬಂತು.

"ಆ ಮೇಜು ಮೆಟ್ಟಿಲಲ್ಲಿ ಇಳಿಯಲ್ಲ. ಕೋಣೆ ಒಳಗೇ ಕೂಡಿಸಿದ್ದು. ನಡುವೆ ಕೊಯ್ಯಬೇಕು."

"ಕೊಯ್ಸಿದ್ರಾಯ್ತು."

"ಬಡಗಿಗೆ ಹೇಳು, ನಾನು ಬರೋವರೆಗೂ ಗರಗಸ ಇಡಬಾರದು ಅಂತ. ಗೆರೆ ನಾನೇ ಹಾಕ್ಕೊಡ್ತೀನಿ. ಕಂಡಕಂಡ ಹಾಗೆ ಕೊಯ್ದು ಹಾಳು ಮಾಡೋದು ಬೇಡ."

ಅಣ್ಣನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, ಗಾಳಿಯ ಸದ್ದಿಗಿಂತ ಜೋರಾಗಿಯೇ ಹೇಳಿದ.

"ನೋಡಿದ್ಯಾ? ನಾನು ಹೇಳಿರ್ಲಿಲ್ವಾ, ಅವಳು ಅರ್ಥ ಮಾಡ್ಕೋತಾಳೆ ಅಂತ."